ಸಹಿಯಿಲ್ಲದ ಸಹಕಾರ, ಜನಪ್ರಿಯ ರಾಜಕಾರಣ: ಮಾತಿನ ಮೇಲೆ ನಿಂತ ಜಾಗತಿಕ ವ್ಯವಸ್ಥೆಗೆ ಏನಾಗುತ್ತಿದೆ?

(ಹಲವರ ನಡುವಿನ ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಂಕಿತನಾಮ.)

ಹಳೆಯ ಕಡತ

2018ರ ಜೂನ್ 9ರಂದು ಕೆನಡಾದ ಶಾರ್ಲ್‌ವಾದಲ್ಲಿ ಜಿ7 ಶೃಂಗಸಭೆ ಮುಗಿಯಿತು. ಏಳು ದೇಶಗಳ ಶೆರ್ಪಾಗಳು (ನಾಯಕರ ಪರವಾಗಿ ಸಭೆಯ ಪಠ್ಯ ಸಿದ್ಧಪಡಿಸುವ ಅಧಿಕಾರಿಗಳು) ಪದಪದಕ್ಕೂ ಗುದ್ದಾಡಿ ಹೇಗೋ ಒಂದು ಜಂಟಿ ಹೇಳಿಕೆ ಹೊರಡಿಸಿದ್ದರು. ಟ್ರಂಪ್ ಸಭೆ ಮುಗಿಯುವ ಮೊದಲೇ ಎದ್ದು, ಕಿಮ್ ಜಾಂಗ್ ಉನ್ ಭೇಟಿಗೆಂದು ಸಿಂಗಪುರದ ವಿಮಾನ ಹತ್ತಿದ್ದರು. ಇತ್ತ ಆತಿಥೇಯ ಪ್ರಧಾನಿ ಟ್ರುಡೊ ಪತ್ರಿಕಾಗೋಷ್ಠಿಯಲ್ಲಿ, ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಅಮೆರಿಕ ಹಾಕಿದ ಸುಂಕ ತಮಗೆ ಅವಮಾನವೆಂದೇ ಅನ್ನಿಸಿದೆ ಎಂದರು. ವಿಮಾನದಿಂದಲೇ ಟ್ವೀಟ್ ಬಂತು: ಹೇಳಿಕೆಗೆ ಅಮೆರಿಕದ ಅನುಮೋದನೆ ಇಲ್ಲ. ಟ್ರುಡೊ ಅಪ್ರಾಮಾಣಿಕರು, ದುರ್ಬಲರು ಎಂಬ ಬೈಗುಳ ಉಚಿತ. ಸಂಸತ್ತಿನ ಮತ ಬೇಕಾಗಲಿಲ್ಲ, ನೋಟಿಸ್ ಅವಧಿ ಇರಲಿಲ್ಲ. ಇಡೀ ಕಸರತ್ತು ಒಂದೇ ಸಂಜೆಗೆ ನೀರುಪಾಲು.

ಇದರ ಪಕ್ಕದಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದವನ್ನು ಇಟ್ಟು ನೋಡಿ. ಅದರಿಂದ ಹೊರಬರುತ್ತೇವೆ ಎಂದು ಟ್ರಂಪ್ ಘೋಷಿಸಿದ್ದು 2017ರ ಜೂನ್ 1ರಂದು. ಆದರೆ ಒಪ್ಪಂದದಲ್ಲೇ ಒಂದು ಷರತ್ತು ಇತ್ತು: ಜಾರಿಗೆ ಬಂದು ಮೂರು ವರ್ಷ ಆಗುವವರೆಗೆ ನೋಟಿಸ್ ಕೊಡುವಂತಿಲ್ಲ, ಕೊಟ್ಟ ಮೇಲೂ ಒಂದು ವರ್ಷ ಕಾಯಬೇಕು. ಹಾಗಾಗಿ ನಿರ್ಗಮನ ಜಾರಿಗೆ ಬಂದದ್ದು 2020ರ ನವೆಂಬರ್ 4ರಂದು, ಅಂದರೆ ಅಧ್ಯಕ್ಷೀಯ ಚುನಾವಣೆಯ ಮರುದಿನ. ಆ ಚುನಾವಣೆಯಲ್ಲಿ ಟ್ರಂಪ್ ಸೋತರು, 2021ರ ಫೆಬ್ರುವರಿಯಲ್ಲಿ ಅಮೆರಿಕ ಮರಳಿ ಸೇರಿತು.

ಜನಪ್ರಿಯ ನಾಯಕರು (‘ನಾವು ಜನರ ಪರ, ಮೇಲಿನವರ ವಿರುದ್ಧ’ ಎನ್ನುವ ಪಾಪ್ಯುಲಿಸ್ಟರು) ಒಪ್ಪಂದ ಹರಿದರು, ಸಂಸ್ಥೆ ಬಿಟ್ಟರು ಎಂಬ ಸುದ್ದಿಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ನಾವು ಸಹಿಯೇ ಇಲ್ಲದ ಸಹಕಾರಕ್ಕೆ ಕೊಡುವುದಿಲ್ಲ. ಅಸಲು ಪೆಟ್ಟು ಬೀಳುತ್ತಿರುವುದು ಅಲ್ಲಿ ಎಂಬುದು ನನ್ನ ವಾದ. ಹಾಗೆಂದು ಈ ನಾಯಕರಿಗೆ ಅನೌಪಚಾರಿಕ ಸಹಕಾರ ಕಂಡರೆ ಆಗದು ಎಂದಲ್ಲ. ಅವರಿಗೆ ಅದು ಬಲು ಇಷ್ಟ. ಅಧಿಕಾರಿಗಳ ಮಟ್ಟದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದುದನ್ನು ಕಿತ್ತು, ಇಬ್ಬರು ನಾಯಕರ ಕೈಕುಲುಕಾಟಕ್ಕೆ ವರ್ಗಾಯಿಸುತ್ತಾರೆ. ಒಪ್ಪದವರು ಉದಾಹರಣೆ ಸಮೇತ ಬನ್ನಿ.

ಮೊದಲ ಬೆಂಚು

ಒಂದು ಮೂಲಭೂತ ಪ್ರಶ್ನೆ. ಅನೌಪಚಾರಿಕ ಅಂದರೆ ಯಾವುದೆಲ್ಲ ಬರುತ್ತದೆ? ಜಿ7, ಜಿ20 ಗೊತ್ತು. ಅವು ವರ್ಷಕ್ಕೊಮ್ಮೆ ಫೋಟೊ ತೆಗೆಸಿಕೊಳ್ಳುವ ಸಭೆಗಳಲ್ಲವೇ? ಅವು ಮುರಿದರೆ ಯಾರಿಗೆ ನಷ್ಟ?

ಅಡಿಟಿಪ್ಪಣಿ

ಫೋಟೊ ಮಾತ್ರ ಅಲ್ಲ. 1975ರಲ್ಲಿ ಫ್ರಾನ್ಸಿನ ರಾಂಬುಯೆಯಲ್ಲಿ ಆರು ದೇಶಗಳ ನಾಯಕರು ಸೇರಿದರು, ಮರುವರ್ಷ ಕೆನಡಾ ಬಂದು ಜಿ7 ಆಯಿತು. ಅದಕ್ಕೆ ಇವತ್ತಿಗೂ ಸನ್ನದು ಇಲ್ಲ, ಸ್ವಂತ ಕಚೇರಿ ಇಲ್ಲ. ಜಿ20 1999ರಲ್ಲಿ ಹಣಕಾಸು ಸಚಿವರ ಕೂಟವಾಗಿ ಶುರುವಾಗಿ, 2008ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಾಯಕರ ಸಭೆಯಾಯಿತು. ಅದಕ್ಕೂ ಕಾಯಂ ಸಚಿವಾಲಯ ಇಲ್ಲ.

ಇವುಗಳ ನೆರಳಲ್ಲಿ ಬೆಳೆದ ಸಂಸ್ಥೆಗಳನ್ನು ನೋಡಿ. 1974ರಲ್ಲಿ ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕ್ ಮುಳುಗಿದ ಮೇಲೆ ಹತ್ತು ದೊಡ್ಡ ದೇಶಗಳ ಕೇಂದ್ರ ಬ್ಯಾಂಕ್ ಗವರ್ನರ್‌ಗಳು ಬಾಸೆಲ್ ಸಮಿತಿ ಮಾಡಿಕೊಂಡರು. ಅದರ ನಿರ್ಣಯಗಳಿಗೆ ಕಾನೂನಿನ ಬಲ ಇಲ್ಲ ಎಂದು ಅದರ ಸನ್ನದೇ ಹೇಳುತ್ತದೆ. ಆದರೂ ಬ್ಯಾಂಕುಗಳು ಅಪಾಯಕ್ಕೆ ತಕ್ಕಂತೆ ಕನಿಷ್ಠ ಶೇ 8ರಷ್ಟು ಬಂಡವಾಳ ಇಟ್ಟುಕೊಳ್ಳಬೇಕೆಂದು ಅದು 1988ರಲ್ಲಿ ಹೇಳಿದ್ದನ್ನು ಸದಸ್ಯರಲ್ಲದ ದೇಶಗಳೂ ಪಾಲಿಸಿದವು. ಅಕ್ರಮ ಹಣ ವರ್ಗಾವಣೆ ತಡೆಯುವ ಎಫ್‌ಎಟಿಎಫ್ 1989ರ ಜಿ7 ಸಭೆಯ ಕೂಸು. ಅದಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ತಳಹದಿ ಇಲ್ಲ. 2009ರ ಲಂಡನ್ ಜಿ20 ಸಭೆಯಲ್ಲಿ ಹುಟ್ಟಿದ ಹಣಕಾಸು ಸ್ಥಿರತಾ ಮಂಡಳಿಯದ್ದೂ ಅದೇ ಕಥೆ. ನಿಮ್ಮ ಬ್ಯಾಂಕ್ ನಿಮ್ಮಿಂದ ಗುರುತಿನ ದಾಖಲೆಗಳನ್ನು ಮತ್ತೆ ಮತ್ತೆ ಕೇಳುವುದರ ಹಿಂದೆ, ಯಾವ ದೇಶವೂ ಸಹಿ ಹಾಕದ ಈ ಶಿಫಾರಸುಗಳಿವೆ.

ನೇರನುಡಿ

ಅಡಿಟಿಪ್ಪಣಿಯವರು ನನ್ನ ಕೆಲಸ ಸುಲಭ ಮಾಡಿದರು. ಯಾರೂ ಸಹಿ ಹಾಕಿಲ್ಲ, ಯಾವ ಸಂಸತ್ತೂ ಅನುಮೋದಿಸಿಲ್ಲ, ಆದರೂ ಜಗತ್ತೇ ಪಾಲಿಸಬೇಕು. ಜನಪ್ರಿಯ ನಾಯಕರು ಇದನ್ನು ಪ್ರಶ್ನಿಸಿದರೆ ತಪ್ಪೇನು? ‘ನಮ್ಮನ್ನು ಕೇಳದೆ ಯಾರೋ ಮೇಲಿನವರು ತೀರ್ಮಾನಿಸಿದರು’ ಎಂಬ ದೂರು ಇಲ್ಲಿ ಅಕ್ಷರಶಃ ನಿಜ.

2016ರ ಮಾರ್ಚ್ 18ರಂದು ಐರೋಪ್ಯ ಒಕ್ಕೂಟ ಮತ್ತು ಟರ್ಕಿ ನಡುವೆ ವಲಸಿಗರ ವಿಚಾರದಲ್ಲಿ ಏನಾಯಿತು? ಗ್ರೀಸ್ ದ್ವೀಪಗಳಿಗೆ ಬಂದವರನ್ನು ಟರ್ಕಿಗೆ ವಾಪಸು ಕಳಿಸುವುದು, ಪ್ರತಿಯಾಗಿ ಮೊದಲು 300 ಕೋಟಿ ಯೂರೊ, ಆಮೇಲೆ ಮತ್ತೆ 300 ಕೋಟಿಯವರೆಗೆ. ಸಾವಿರಾರು ಜನರ ಬದುಕನ್ನು ತೀರ್ಮಾನಿಸಿದ ಈ ಏರ್ಪಾಡು ಹೊರಬಂದದ್ದು ಪತ್ರಿಕಾ ಪ್ರಕಟಣೆಯಾಗಿ. ಆಶ್ರಯ ಕೋರಿದವರು ನ್ಯಾಯಾಲಯಕ್ಕೆ ಹೋದರು. 2017ರ ಫೆಬ್ರುವರಿಯಲ್ಲಿ ಒಕ್ಕೂಟದ ಜನರಲ್ ಕೋರ್ಟ್, ಇದು ಒಕ್ಕೂಟದ ಸಂಸ್ಥೆಗಳ ಕ್ರಮವೇ ಅಲ್ಲ, ಹಾಗಾಗಿ ವಿಚಾರಣೆಯ ಅಧಿಕಾರ ನಮಗಿಲ್ಲ ಎಂದುಬಿಟ್ಟಿತು. ಇದನ್ನು ಮಾಡಿದವರು ಜನಪ್ರಿಯ ರಾಜಕಾರಣಿಗಳಲ್ಲ, ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಮತ್ತು ಬ್ರಸೆಲ್ಸ್‌ನ ಸಭ್ಯರು. ಹೊಣೆ ತಪ್ಪಿಸಿಕೊಳ್ಳುವ ಕಲೆಯನ್ನು ಜನಪ್ರಿಯ ನಾಯಕರು ಅವರಿಂದಲೇ ಕಲಿತಿದ್ದಾರೆ.

ಹಳೆಯ ಕಡತ

ದೂರು ನಿಜ ಎನ್ನುವುದನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪುವುದಿಲ್ಲ. ಸಂಸತ್ತಿಗೆ ಹೊಣೆಯಾಗದ ಅಧಿಕಾರಿಗಳಿಂದ ಕಿತ್ತು ಅದನ್ನು ಎಲ್ಲಿಗೆ ಒಯ್ದರು? ಸಂಸತ್ತಿಗಂತೂ ಅಲ್ಲ. ಶಾರ್ಲ್‌ವಾದ ಟ್ವೀಟಿಗೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಚರ್ಚೆ ನಡೆದಿತ್ತೇ?

ತೆರೆಮರೆ

ನೇರನುಡಿಯವರ ಮಾತಿಗೆ ಹೆಚ್ಚು ಸರಿಹೊಂದುವ ಪ್ರಕರಣ 2018ರ ವಲಸೆ ಕುರಿತ ಜಾಗತಿಕ ಕಾಂಪ್ಯಾಕ್ಟ್, ಅಂದರೆ ವಿಶ್ವಸಂಸ್ಥೆಯ ಸಹಮತದ ದಾಖಲೆ. ನಾನು ದಾಖಲೆಗಳ ಅನುವಾದದ ಕೆಲಸ ಮಾಡುವವನು. ಈ ಪಠ್ಯವನ್ನು ಸಾಲುಸಾಲಾಗಿ ಓದಿದ್ದೇನೆ.

23 ಉದ್ದೇಶಗಳಿರುವ ದಾಖಲೆ. ಇದು ಕಾನೂನಾತ್ಮಕವಾಗಿ ಬದ್ಧಗೊಳಿಸುವಂಥದ್ದಲ್ಲ, ಸಹಕಾರದ ಚೌಕಟ್ಟು ಮಾತ್ರ ಎಂದು ಅದರ ಏಳನೆಯ ಪರಿಚ್ಛೇದ ಹೇಳುತ್ತದೆ. ತನ್ನ ವಲಸೆ ನೀತಿಯನ್ನು ತಾನೇ ನಿರ್ಧರಿಸುವ ಸಾರ್ವಭೌಮ ಹಕ್ಕು ಪ್ರತಿ ದೇಶಕ್ಕೂ ಇದೆ ಎಂಬುದನ್ನೂ ಸ್ಪಷ್ಟವಾಗಿ ಬರೆದಿದೆ. ವಿವಾದ ಬರಬಾರದೆಂದೇ ಇಷ್ಟು ಮೆತ್ತಗೆ ಮಾಡಿದ್ದರು. 2018ರ ಜುಲೈನಲ್ಲಿ ಪಠ್ಯ ಅಂತಿಮವಾದಾಗ, ಆ ಮೊದಲೇ ಮಾತುಕತೆಯಿಂದ ಹೊರಹೋಗಿದ್ದ ಅಮೆರಿಕ ಬಿಟ್ಟರೆ ದೊಡ್ಡ ಗದ್ದಲವೇ ಇರಲಿಲ್ಲ. ಹಂಗೆರಿ ಮಾತ್ರ ಕೂಡಲೇ ಹಿಂದೆ ಸರಿಯಿತು.

ಆಮೇಲೆ ಶುರುವಾಯಿತು ಆಟ. ಆಸ್ಟ್ರಿಯಾದ ತೀವ್ರ ಬಲಪಂಥೀಯ ಗುಂಪುಗಳು ಜಾಲತಾಣಗಳಲ್ಲಿ ಪ್ರಚಾರ ಹಚ್ಚಿದವು. ಅಕ್ಟೋಬರ್ ಕೊನೆಗೆ ಆಸ್ಟ್ರಿಯಾ ಹಿಂದೆ ಸರಿಯಿತು. ಆ ಹೊತ್ತಿಗೆ ಐರೋಪ್ಯ ಒಕ್ಕೂಟದ ಮಂಡಳಿಯ ಅಧ್ಯಕ್ಷ ಸ್ಥಾನ ಇದ್ದದ್ದು ಅದೇ ಆಸ್ಟ್ರಿಯಾದ ಕೈಯಲ್ಲಿ! ಮುಂದೆ ಪೋಲೆಂಡ್, ಜೆಕ್ ಗಣರಾಜ್ಯ, ದೂರದ ಆಸ್ಟ್ರೇಲಿಯಾ. ಸ್ಲೊವಾಕಿಯಾದ ವಿದೇಶಾಂಗ ಸಚಿವರು ಈ ಕಾಂಪ್ಯಾಕ್ಟ್‌ಗಾಗಿ ರಾಜೀನಾಮೆಯ ಮಾತಾಡಿದರು.

ಬೆಲ್ಜಿಯಂನಲ್ಲಿ ಸರ್ಕಾರವೇ ಉರುಳಿತು. ಪ್ರಧಾನಿ ಶಾರ್ಲ್ ಮಿಶೆಲ್ ಸೆಪ್ಟೆಂಬರ್‌ನಲ್ಲೇ ವಿಶ್ವಸಂಸ್ಥೆಯಲ್ಲಿ ಬೆಂಬಲ ಘೋಷಿಸಿದ್ದರು. ಮಿತ್ರಪಕ್ಷ ಎನ್-ವಿಎ ಆಗ ತಕರಾರು ತೆಗೆದಿರಲಿಲ್ಲ. ಶರತ್ಕಾಲದಲ್ಲಿ ಗಾಳಿ ತಿರುಗಿದಾಗ ತಮಗಿಂತ ಬಲಕ್ಕಿರುವ ಪಕ್ಷಕ್ಕೆ ಮತಗಳು ಹೋದಾವೆಂಬ ಭಯ ಹುಟ್ಟಿತು. ಡಿಸೆಂಬರ್ ಮೊದಲ ವಾರ ಎನ್-ವಿಎ ಜಾಲತಾಣದಲ್ಲಿ ವಲಸಿಗರ ಚಿತ್ರಗಳಿರುವ ಪ್ರಚಾರ ಹಾಕಿ, ಟೀಕೆ ಬಂದ ಮೇಲೆ ತೆಗೆಯಿತು. ಡಿಸೆಂಬರ್ 9ರಂದು ಅದರ ಸಚಿವರು ಸರ್ಕಾರದಿಂದ ಹೊರನಡೆದರು, ಮಿಶೆಲ್ ಕಾಂಪ್ಯಾಕ್ಟ್ ಸಮ್ಮೇಳನ ನಡೆದ ಮೊರಾಕೊದ ಮರ್ರಕೇಶ್‌ಗೆ ಹೋಗಿ ಒಪ್ಪಿಗೆ ಕೊಟ್ಟು ಬಂದರು, 18ರಂದು ರಾಜೀನಾಮೆ ಕೊಟ್ಟರು. ಮರುದಿನ ವಿಶ್ವಸಂಸ್ಥೆಯ ಮಹಾಸಭೆ 152-5 ಮತಗಳಿಂದ ಕಾಂಪ್ಯಾಕ್ಟನ್ನು ಅನುಮೋದಿಸಿತು. 12 ದೇಶಗಳು ತಟಸ್ಥ.

ಯಾರನ್ನೂ ಯಾವುದಕ್ಕೂ ಕಟ್ಟಿಹಾಕದ ಕಾಗದವೊಂದು ಒಂದು ಸರ್ಕಾರವನ್ನೇ ಬಲಿ ತೆಗೆದುಕೊಂಡಿತು. ಅನೌಪಚಾರಿಕವಾಗಿಟ್ಟರೆ ರಾಜಕೀಯದ ಕಣ್ಣಿಗೆ ಬೀಳುವುದಿಲ್ಲ ಎಂಬ ರಾಜತಾಂತ್ರಿಕರ ಹಳೆಯ ನಂಬಿಕೆ ಅಲ್ಲಿಗೆ ಮುಗಿಯಿತು. ಬದ್ಧತೆ ಇಲ್ಲದ್ದರಿಂದಲೇ ವಿರೋಧಿಸುವುದೂ ಅಗ್ಗ: ಹಿಂದೆ ಸರಿದರೆ ದಂಡವಿಲ್ಲ, ವ್ಯಾಪಾರಕ್ಕೆ ಕುತ್ತಿಲ್ಲ, ಚಪ್ಪಾಳೆ ಮಾತ್ರ ಲಾಭ.

ನೇರನುಡಿ

ಪಠ್ಯವನ್ನು ಸಾಲುಸಾಲಾಗಿ ಓದಿದವರು 17ನೆಯ ಉದ್ದೇಶವನ್ನೂ ಹೇಳಬೇಕಿತ್ತು. ವಲಸಿಗರ ವಿರುದ್ಧ ವ್ಯವಸ್ಥಿತವಾಗಿ ಅಸಹನೆ ಹರಡುವ ಮಾಧ್ಯಮಗಳಿಗೆ ಸರ್ಕಾರದ ಹಣ ನಿಲ್ಲಿಸುವ ಮಾತು ಅಲ್ಲಿದೆ. ಪತ್ರಿಕಾ ಸ್ವಾತಂತ್ರ್ಯವನ್ನು ಗೌರವಿಸುತ್ತಲೇ ಎಂಬ ಒಗ್ಗರಣೆ ಇದೆ, ಇರಲಿ. ಅದನ್ನು ತೀರ್ಮಾನಿಸುವವರು ಯಾರು?

ಇನ್ನೊಂದು ಮಾತು. ಬದ್ಧವಲ್ಲ, ಬದ್ಧವಲ್ಲ ಎಂದು ಸಾರ್ವಜನಿಕರಿಗೆ ಹೇಳುತ್ತೀರಿ. ಐತಿಹಾಸಿಕ ಹೆಜ್ಜೆ ಎಂದು ಸಮ್ಮೇಳನದಲ್ಲಿ ಹೇಳುತ್ತೀರಿ. ಎರಡರಲ್ಲಿ ಒಂದು ಸುಳ್ಳು. ಏನೂ ಮಾಡದ ಕಾಗದವಾದರೆ ಅಷ್ಟು ವರ್ಷ ಏಕೆ ಮಾತುಕತೆ? ಏನೋ ಮಾಡುವ ಕಾಗದವಾದರೆ ಸಂಸತ್ತಿನ ಮುಂದೆ ಏಕೆ ತರಲಿಲ್ಲ? ಜನ ದಡ್ಡರಲ್ಲ.

ತೆರೆಮರೆ

17ನೆಯ ಉದ್ದೇಶದ ಆ ಸಾಲು ಅಲ್ಲಿರುವುದು ನಿಜ, ಅದನ್ನು ಬರೆದವರಿಗೆ ರಾಜಕೀಯ ತಿಳಿವಳಿಕೆ ಕಡಿಮೆ ಎಂಬುದೂ ನಿಜ. ಆದರೆ ಬೆಲ್ಜಿಯಂನಲ್ಲಿ ಸಂಸತ್ತಿನ ಮುಂದೆ ತಂದಿದ್ದರು. ಡಿಸೆಂಬರ್ 5ರಂದು ಬಹುಮತದಿಂದ ಬೆಂಬಲವೂ ಸಿಕ್ಕಿತು. ಎನ್-ವಿಎ ಆಮೇಲೂ ಹೊರನಡೆಯಿತು. ಸಂಸತ್ತು ಒಪ್ಪಿದರೆ ಸಾಕು ಎಂಬ ನಿಮ್ಮ ಷರತ್ತನ್ನು ಅವರೇ ಪಾಲಿಸಲಿಲ್ಲ.

ಲೆಕ್ಕಪತ್ರ

ಬ್ಯಾಂಕಿನ ನಿಯಮಪಾಲನೆ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಎಫ್‌ಎಟಿಎಫ್ ಬಗ್ಗೆ ಹೇಳುತ್ತೇನೆ. ಮೇಲಿನ ಚರ್ಚೆಗೆ ಇದು ಅಡ್ಡ ಉತ್ತರ.

ಒಂದು ದೇಶ ಎಫ್‌ಎಟಿಎಫ್‌ನ ಬೂದು ಪಟ್ಟಿಗೆ (ಕೊರತೆಗಳ ಕಾರಣ ಹೆಚ್ಚಿನ ನಿಗಾದಲ್ಲಿರುವ ದೇಶಗಳ ಪಟ್ಟಿ) ಬಿದ್ದರೆ ಕಾನೂನಿನ ಪ್ರಕಾರ ಯಾವ ಶಿಕ್ಷೆಯೂ ಇಲ್ಲ. ಆದರೆ ಮರುದಿನದಿಂದಲೇ ನಮ್ಮಂಥವರ ಮೇಜಿನಲ್ಲಿ ಆ ದೇಶದ ವ್ಯವಹಾರದ ಅಪಾಯದ ಅಂಕ ಬದಲಾಗುತ್ತದೆ. ಹಣ ಎಲ್ಲಿಂದ ಬಂತು, ನಿಜವಾದ ಮಾಲೀಕ ಯಾರು, ಇನ್ನೊಂದು ಪತ್ರ ಕಳಿಸಿ ಎಂಬ ಪತ್ರವ್ಯವಹಾರ ಶುರು. ಕೆಲವು ಬ್ಯಾಂಕುಗಳು ಆ ಗೋಜೇ ಬೇಡವೆಂದು ಸಂಬಂಧ ಕಡಿದುಕೊಳ್ಳುತ್ತವೆ. ನಾಯಕರ ಭಾಷಣಗಳು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಎದುರಿಗಿರುವುದು ವಿದೇಶಿ ಸರ್ಕಾರವಲ್ಲ, ಸಾವಿರಾರು ಗುಮಾಸ್ತರು.

ಟರ್ಕಿಯನ್ನು 2021ರ ಅಕ್ಟೋಬರ್‌ನಲ್ಲಿ ಪಟ್ಟಿಗೆ ಸೇರಿಸಿದರು. ಪಶ್ಚಿಮದ ವಿರುದ್ಧ ಗುಡುಗುವುದರಲ್ಲಿ ಎರ್ಡೊಗನ್ ಯಾರಿಗೂ ಕಡಿಮೆಯಿಲ್ಲ. ಆದರೂ ಅವರ ಸರ್ಕಾರ ಎಫ್‌ಎಟಿಎಫ್‌ನ ಕೊರತೆಗಳ ಪಟ್ಟಿಯನ್ನು ಹಿಡಿದು ಒಂದೊಂದೇ ಅಂಶ ಸರಿಪಡಿಸಿ 2024ರ ಜೂನ್‌ನಲ್ಲಿ ಹೊರಬಂತು. ಡುಟೆರ್ಟೆ ಕಾಲದಲ್ಲಿ ಪಟ್ಟಿಗೆ ಬಿದ್ದ ಫಿಲಿಪ್ಪೀನ್ಸ್ ಕೂಡ ಅದೇ ದಾರಿ ಹಿಡಿದು 2025ರಲ್ಲಿ ಹೊರಬಂತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಹೊರನಡೆದ ದೇಶವದು, ನೆನಪಿರಲಿ. ಸಹಿ ಹಾಕಿದ ಒಪ್ಪಂದವನ್ನು ಬಿಟ್ಟರು. ಸಹಿಯೇ ಇಲ್ಲದ ಶಿಫಾರಸುಗಳನ್ನು ಪಾಲಿಸಿದರು.

ಇದು ಸಂತೋಷದ ಕಥೆ ಎಂದುಕೊಳ್ಳಬೇಡಿ. ಟರ್ಕಿ 2020ರ ಡಿಸೆಂಬರ್‌ನಲ್ಲಿ ತಂದ 7262ನೆಯ ಕಾಯ್ದೆಯ ಹೆಸರಲ್ಲಿರುವುದು ಸಾಮೂಹಿಕ ವಿನಾಶದ ಅಸ್ತ್ರಗಳಿಗೆ ಹಣ ಹೋಗದಂತೆ ತಡೆಯುವ ಮಾತು. ಎಫ್‌ಎಟಿಎಫ್ ಕೇಳಿದ್ದೂ ಅದನ್ನೇ. ಆದರೆ ಕಾಯ್ದೆಯ ದೊಡ್ಡ ಭಾಗ ಸ್ವಯಂಸೇವಾ ಸಂಸ್ಥೆಗಳ ಮೇಲೆ: ತಪಾಸಣೆ, ಭಯೋತ್ಪಾದನೆಯ ಮೊಕದ್ದಮೆ ಎದುರಿಸುವ ಪದಾಧಿಕಾರಿಗಳನ್ನು ಗೃಹ ಸಚಿವರು ಅಮಾನತುಗೊಳಿಸುವ ಅಧಿಕಾರ. ಅಲ್ಲಿ ಭಯೋತ್ಪಾದನೆಯ ಮೊಕದ್ದಮೆ ಎಷ್ಟು ಸುಲಭವಾಗಿ ಬೀಳುತ್ತದೆ ಎಂಬುದನ್ನು ಪತ್ರಕರ್ತರನ್ನು ಕೇಳಿ. ಜಾಗತಿಕ ನಿಯಮ ಪಾಲಿಸುತ್ತಿದ್ದೇವೆ ಎಂಬ ಹೆಸರಲ್ಲಿ ದೇಶದೊಳಗಿನ ವಿರೋಧಿಗಳ ಕತ್ತು ಹಿಸುಕಬಹುದು. ಇಂಥ ದುರ್ಬಳಕೆಯ ದೂರುಗಳು ಹೆಚ್ಚಾದ ಮೇಲೆ ಎಫ್‌ಎಟಿಎಫ್ 2023ರಲ್ಲಿ ಲಾಭರಹಿತ ಸಂಸ್ಥೆಗಳ ಕುರಿತ 8ನೆಯ ಶಿಫಾರಸನ್ನು ತಿದ್ದಿತು.

ಹಾಗಾಗಿ ಹಳೆಯ ಕಡತದವರ ವಾದಕ್ಕೆ ನನ್ನದೊಂದು ತಿದ್ದುಪಡಿ. ಮುರಿಯುವುದು, ಕಸಿದುಕೊಳ್ಳುವುದು ಎರಡೇ ಅಲ್ಲ. ಜನಪ್ರಿಯ ನಾಯಕರಿಗೆ ಅನೌಪಚಾರಿಕ ನಿಯಮ ಕೆಲವೊಮ್ಮೆ ತಯಾರಾಗಿ ಸಿಕ್ಕ ಆಯುಧ.

ಮೊದಲ ಬೆಂಚು

ಇದು ಹೊಸ ವಿಷಯ, ಧನ್ಯವಾದ. ಹಾಗಾದರೆ ಬಾಸೆಲ್ ಸಮಿತಿಯ ಮೇಲೆ ಯಾರೂ ಎಗರಿ ಬೀಳಲಿಲ್ಲವೇ? ಬ್ಯಾಂಕು, ವಿದೇಶಿ ಅಧಿಕಾರಿಗಳು, ಮುಚ್ಚಿದ ಬಾಗಿಲು: ಎಲ್ಲ ಮಸಾಲೆಯೂ ಇದೆಯಲ್ಲ.

ಅಡಿಟಿಪ್ಪಣಿ

ಬಿದ್ದರು. 2017ರ ಜನವರಿ 31ರಂದು, ಟ್ರಂಪ್ ಅಧಿಕಾರಕ್ಕೆ ಬಂದು ಎರಡು ವಾರವೂ ಆಗಿರಲಿಲ್ಲ, ಅಮೆರಿಕದ ಕಾಂಗ್ರೆಸ್ ಸದಸ್ಯ ಪ್ಯಾಟ್ರಿಕ್ ಮೆಕ್‌ಹೆನ್ರಿ ದೇಶದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಆಗಿನ ಮುಖ್ಯಸ್ಥೆ ಜಾನೆಟ್ ಯೆಲೆನ್ ಅವರಿಗೆ ಪತ್ರ ಬರೆದರು. ವಿದೇಶಗಳಲ್ಲಿ ಕುಳಿತ ಜಾಗತಿಕ ಅಧಿಕಾರಿಗಳ ಜೊತೆ ಪಾರದರ್ಶಕತೆಯಿಲ್ಲದೆ ಮಾತುಕತೆ ನಡೆಸುವುದನ್ನು ನಿಲ್ಲಿಸಿ ಎಂಬುದು ಸಾರಾಂಶ. ಕಾನೂನಿನ ಪ್ರಕಾರ ನಮಗೆ ಆ ಅಧಿಕಾರ ಇದೆ ಎಂದು ಯೆಲೆನ್ ಉತ್ತರಿಸಿದರು.

ಮುಂದೆ ಏನಾಯಿತು? 2017ರ ಡಿಸೆಂಬರ್‌ನಲ್ಲಿ ಸಮಿತಿಯ ಮೂರನೆಯ ನಿಯಮಾವಳಿಯಾದ ಬಾಸೆಲ್ 3ರ ಅಂತಿಮ ಭಾಗಕ್ಕೆ ಅಮೆರಿಕ ಸೇರಿದಂತೆ ಎಲ್ಲರೂ ಒಪ್ಪಿದರು. ಮರುವರ್ಷ ಡಿಸೆಂಬರ್‌ನಲ್ಲಿ ಹಣಕಾಸು ಸ್ಥಿರತಾ ಮಂಡಳಿಯ ಅಧ್ಯಕ್ಷರಾದವರು ಟ್ರಂಪ್ ಅವರೇ ಫೆಡರಲ್ ರಿಸರ್ವ್‌ಗೆ ನೇಮಿಸಿದ್ದ ರ‍್ಯಾಂಡಲ್ ಕ್ವಾರ್ಲ್ಸ್. ವೇದಿಕೆಯ ಮೇಲೆ ಜಾಗತಿಕತೆಗೆ ಧಿಕ್ಕಾರ, ಒಳಗೆ ಅಧ್ಯಕ್ಷ ಪೀಠ!

ಲೆಕ್ಕಪತ್ರ

ಆದರೆ ಒಪ್ಪಿದ್ದನ್ನು ಜಾರಿಗೆ ತಂದರೇ? ಅಮೆರಿಕ 2023ರ ಜುಲೈನಲ್ಲಿ ಕರಡು ಹೊರಡಿಸಿತು. ಬ್ಯಾಂಕುಗಳು ಜಾಹೀರಾತು ಕೊಟ್ಟು ವಿರೋಧಿಸಿ ಆ ಕರಡನ್ನು ತಡೆದು ನಿಲ್ಲಿಸಿದವು. ಅಮೆರಿಕ ಏನು ಮಾಡುತ್ತದೋ ನೋಡೋಣ ಎಂದು ಬ್ರಿಟನ್ 2027ರ ಜನವರಿಗೆ ಮುಂದೂಡಿತು, ಐರೋಪ್ಯ ಒಕ್ಕೂಟ ಮಾರುಕಟ್ಟೆ ಅಪಾಯದ ಭಾಗವನ್ನು ಮುಂದೂಡಿತು. ಯಾರೂ ಬಾಗಿಲು ಬಡಿದು ಹೊರನಡೆಯಲಿಲ್ಲ. ಒಬ್ಬರು ತಡಮಾಡಿದ್ದಕ್ಕೆ ಎಲ್ಲರೂ ತಡಮಾಡಿದರು. ಇದರಲ್ಲಿ ಜನಪ್ರಿಯ ರಾಜಕಾರಣಕ್ಕಿಂತ ಬ್ಯಾಂಕುಗಳ ಲಾಬಿಯ ಪಾತ್ರ ದೊಡ್ಡದು, ಅದನ್ನು ಬೆರೆಸಬಾರದು.

ಹೆಸರಲ್ಲೇ ಹವಾಮಾನ ಇದ್ದರೆ ಕಥೆ ಬೇರೆ. ಹಣಕಾಸು ವ್ಯವಸ್ಥೆಯನ್ನು ಹಸಿರುಗೊಳಿಸುವ ಕೇಂದ್ರ ಬ್ಯಾಂಕುಗಳ ಜಾಲವೊಂದು 2017ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಎಂಟು ಸಂಸ್ಥೆಗಳಿಂದ ಶುರುವಾಗಿ ನೂರನ್ನು ದಾಟಿ ಬೆಳೆಯಿತು. ಫೆಡರಲ್ ರಿಸರ್ವ್ 2020ರ ಡಿಸೆಂಬರ್‌ನಲ್ಲಿ ಸೇರಿ, 2025ರ ಜನವರಿ 17ರಂದು ಹೊರಬಂತು. ಜಾಲದ ಕಾರ್ಯವ್ಯಾಪ್ತಿ ನಮ್ಮ ಶಾಸನಬದ್ಧ ಹೊಣೆಯನ್ನು ಮೀರಿ ಬೆಳೆದಿದೆ ಎಂಬುದು ಅದು ಕೊಟ್ಟ ಕಾರಣ. ತಾರೀಖು ಗಮನಿಸಿ: ಟ್ರಂಪ್ ಪ್ರಮಾಣವಚನಕ್ಕೆ ಮೂರು ದಿನ ಮೊದಲು. ಖಾಸಗಿ ಬ್ಯಾಂಕುಗಳ ನೆಟ್ ಝೀರೊ (ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕಿಳಿಸುವ) ಒಕ್ಕೂಟದ ಅಮೆರಿಕನ್ ದೊಡ್ಡ ಬ್ಯಾಂಕುಗಳು ಅದೇ ಚಳಿಗಾಲದಲ್ಲಿ ಸಾಲಾಗಿ ಹೊರನಡೆದವು, 2025ರ ಅಕ್ಟೋಬರ್‌ನಲ್ಲಿ ಒಕ್ಕೂಟವೇ ಬಾಗಿಲು ಹಾಕಿತು. ಆದೇಶ ಬರುವ ಮೊದಲೇ ಪಾಲನೆ!

ದಕ್ಷಿಣಾಯನ

ಇಡೀ ಚರ್ಚೆ ವಾಷಿಂಗ್ಟನ್ ಮತ್ತು ಬ್ರಸೆಲ್ಸ್ ಸುತ್ತ ತಿರುಗುತ್ತಿದೆ. ಲ್ಯಾಟಿನ್ ಅಮೆರಿಕದ ಕಡೆ ಬನ್ನಿ, ಅಲ್ಲಿ ಎಡಪಂಥೀಯ ಜನಪ್ರಿಯ ರಾಜಕಾರಣವೂ ಇದೆ, ಬಲಪಂಥೀಯವೂ ಇದೆ. ಅನೌಪಚಾರಿಕ ಕೂಟಗಳು ಅಲ್ಲಿ ಸರ್ಕಾರ ಬದಲಾದಂತೆಲ್ಲ ಬಣ್ಣ ಬದಲಿಸುತ್ತವೆ.

ಬ್ರಿಕ್ಸ್ 2023ರ ಆಗಸ್ಟ್‌ನಲ್ಲಿ ಅರ್ಜೆಂಟೀನಾವನ್ನು ಆಹ್ವಾನಿಸಿತು. ಡಿಸೆಂಬರ್‌ನಲ್ಲಿ ಮಿಲೇ ಅಧಿಕಾರಕ್ಕೆ ಬಂದವರೇ ಸೇರುವುದಿಲ್ಲ ಎಂದು ಸದಸ್ಯ ದೇಶಗಳಿಗೆ ಪತ್ರ ಬರೆದರು. ಮುಗಿಯಿತು. ಬ್ರೆಜಿಲ್‌ನ ಬೊಲ್ಸೊನಾರೊ 2019ರ ಜನವರಿಯಲ್ಲಿ ವಲಸೆ ಕಾಂಪ್ಯಾಕ್ಟ್ ಬಿಟ್ಟರು, 2020ರಲ್ಲಿ ಲ್ಯಾಟಿನ್ ಅಮೆರಿಕದ ಸೆಲಾಕ್ ಕೂಟದಲ್ಲಿ ಭಾಗವಹಿಸುವುದನ್ನು ನಿಲ್ಲಿಸಿದರು. 2023ರ ಜನವರಿಯಲ್ಲಿ ಲೂಲಾ ಎರಡಕ್ಕೂ ಮರಳಿದರು. ಮೆಕ್ಸಿಕೊದ ಲೋಪೆಸ್ ಒಬ್ರಡೋರ್ ಯಾವುದನ್ನೂ ಬಿಡಲಿಲ್ಲ, ಸುಮ್ಮನೆ ಹೋಗಲಿಲ್ಲ. ಅಧ್ಯಕ್ಷರಾಗಿದ್ದಷ್ಟು ಕಾಲ ಜಿ20 ಶೃಂಗಸಭೆಗೆ ಅವರು ಪ್ರಯಾಣ ಮಾಡಲೇ ಇಲ್ಲ. ಒಳ್ಳೆಯ ದೇಶೀಯ ನೀತಿಯೇ ಒಳ್ಳೆಯ ವಿದೇಶಾಂಗ ನೀತಿ ಎನ್ನುತ್ತಿದ್ದರು. ಮೆಕ್ಸಿಕೊಗೆ ಅದರಿಂದ ಏನು ನಷ್ಟವಾಯಿತೆಂದು ಯಾರಾದರೂ ಹೇಳುತ್ತೀರಾ?

ಇಟಲಿಯ ಮೆಲೋನಿ ಇವರಿಗೆಲ್ಲ ತದ್ವಿರುದ್ಧ. 2024ರ ಜೂನ್‌ನಲ್ಲಿ ಜಿ7 ಸಭೆಯ ಆತಿಥ್ಯ ವಹಿಸಿ, ತಡೆಹಿಡಿದಿದ್ದ ರಷ್ಯಾದ ಆಸ್ತಿಯ ಆದಾಯವನ್ನು ಆಧರಿಸಿ ಉಕ್ರೇನ್‌ಗೆ 5,000 ಕೋಟಿ ಡಾಲರ್ ಸಾಲ ಕೊಡುವ ಒಪ್ಪಿಗೆಯನ್ನು ಹೊರತೆಗೆದರು. ಜನಪ್ರಿಯ ನಾಯಕರೆಲ್ಲ ಕೂಟ ಮುರಿಯುವವರು ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ. ಸಾಲದಲ್ಲಿರುವ, ಮಾರುಕಟ್ಟೆಗೆ ಹೆದರುವ ದೇಶದ ನಾಯಕರು ಕೂಟದಲ್ಲಿ ವಿನಯದಿಂದಲೇ ಇರುತ್ತಾರೆ. ಮುರಿಯುವ ಐಷಾರಾಮ ದೊಡ್ಡವರಿಗೆ.

ಹಳೆಯ ಕಡತ

ಕೊನೆಯ ಎರಡು ವಾಕ್ಯಗಳಿಗೆ ಟರ್ಕಿಯ ಉದಾಹರಣೆಯೂ ಸಾಕ್ಷಿ. ಮೆಕ್ಸಿಕೊದ ಬಗ್ಗೆ: ಹೋಗದಿದ್ದವರ ನಷ್ಟ ಲೆಕ್ಕಕ್ಕೆ ಸಿಗುವುದು ಕಷ್ಟ, ಏಕೆಂದರೆ ಅವರಿಲ್ಲದಾಗ ಬರೆದ ಸಾಲುಗಳಲ್ಲಿ ಅವರ ಮಾತು ಇರುವುದಿಲ್ಲ, ಅಷ್ಟೇ.

ನನ್ನ ಮೊದಲ ಮಾತಿಗೆ ಇನ್ನೊಂದು ಆಧಾರ ಕೊಡುತ್ತೇನೆ. ಈ ನಾಯಕರು ತಮ್ಮದೇ ಅನೌಪಚಾರಿಕ ಜಾಲ ಕಟ್ಟುತ್ತಾರೆ. ಪೋಲೆಂಡ್, ಹಂಗೆರಿ, ಜೆಕ್, ಸ್ಲೊವಾಕಿಯಾಗಳ ವಿಶೆಗ್ರಾದ್ ಗುಂಪು 1991ರಲ್ಲಿ ಹುಟ್ಟಿದ್ದು ಯುರೋಪಿನ ಒಳಗೆ ಸೇರಿಕೊಳ್ಳಲು. 2015ರ ನಂತರ ಅದೇ ಗುಂಪು ನಿರಾಶ್ರಿತರ ಹಂಚಿಕೆಯನ್ನು ವಿರೋಧಿಸುವ ಕೂಟವಾಯಿತು. ನಿಯಮ ಬದಲಾಗಲಿಲ್ಲ, ಏಕೆಂದರೆ ನಿಯಮವೇ ಇರಲಿಲ್ಲ. 2024ರ ಜುಲೈನಲ್ಲಿ ಹಂಗೆರಿಗೆ ಐರೋಪ್ಯ ಒಕ್ಕೂಟದ ಮಂಡಳಿಯ ಅಧ್ಯಕ್ಷ ಸರದಿ ಬಂದ ವಾರದಲ್ಲೇ ಓರ್ಬಾನ್ ಕೀವ್, ಮಾಸ್ಕೊ, ಬೀಜಿಂಗ್ ಸುತ್ತಿ ಬಂದರು. ಒಕ್ಕೂಟ ಅವರಿಗೆ ಆ ಅಧಿಕಾರ ಕೊಟ್ಟಿರಲಿಲ್ಲ. ಶಾಂತಿ ಯಾತ್ರೆ ಎಂದು ಅವರೇ ಹೆಸರಿಟ್ಟುಕೊಂಡರು. ಅನೌಪಚಾರಿಕತೆಗೆ ಇದಕ್ಕಿಂತ ದೊಡ್ಡ ಅಭಿಮಾನಿ ಬೇಕೇ?

ನೇರನುಡಿ

ಎಲ್ಲವನ್ನೂ ಜನಪ್ರಿಯ ನಾಯಕರ ತಲೆಗೆ ಕಟ್ಟುವ ಮೊದಲು ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠವನ್ನು ನೆನಪಿಸಿಕೊಳ್ಳಿ. 2019ರ ಡಿಸೆಂಬರ್‌ನಲ್ಲಿ ಅದು ಸಾಕಷ್ಟು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿದಾಗ ಎಲ್ಲರೂ ಟ್ರಂಪ್ ಅವರನ್ನು ಬೈದರು. ಪೀಠದ ಸದಸ್ಯರೊಬ್ಬರ ಮರುನೇಮಕವನ್ನು ಒಬಾಮ ಆಡಳಿತವೇ 2016ರಲ್ಲಿ ತಡೆದಿತ್ತು. ಬೈಡನ್ ಬಂದು ನಾಲ್ಕು ವರ್ಷ ಕುಳಿತರು, ಪೀಠಕ್ಕೆ ಒಬ್ಬರನ್ನೂ ನೇಮಿಸಲು ಬಿಡಲಿಲ್ಲ. ಅಲ್ಲಿ ಯಾವ ಜನಪ್ರಿಯತಾವಾದ?

ಅಡಿಟಿಪ್ಪಣಿ

ಒಳ್ಳೆಯ ಪ್ರಶ್ನೆ. ಒಮ್ಮೆ ಮತ ತಂದುಕೊಟ್ಟ ನಿಲುವನ್ನು ಎದುರಾಳಿಗಳೂ ಬಿಡುವುದಿಲ್ಲ ಎಂಬುದೇ ಉತ್ತರವಿರಬಹುದು. ಜಿ20ರ ಭಾಷೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. 2008ರ ವಾಷಿಂಗ್ಟನ್ ಸಭೆಯಲ್ಲಿ, ಮುಂದಿನ 12 ತಿಂಗಳು ವ್ಯಾಪಾರಕ್ಕೆ ಹೊಸ ಅಡೆತಡೆ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಸ್ವರಕ್ಷಣಾ ವ್ಯಾಪಾರ ನೀತಿಯನ್ನು ವಿರೋಧಿಸುವ ಮಾತು ಆಮೇಲೆ ಪ್ರತಿ ಹೇಳಿಕೆಯಲ್ಲೂ ಬರುತ್ತಿತ್ತು. 2017ರ ಮಾರ್ಚ್‌ನಲ್ಲಿ ಬಾಡೆನ್-ಬಾಡೆನ್‌ನಲ್ಲಿ ಹಣಕಾಸು ಸಚಿವರು ಆ ಸಾಲನ್ನು ಕೈಬಿಟ್ಟರು, ಏಕೆಂದರೆ ಅಮೆರಿಕ ಒಪ್ಪಲಿಲ್ಲ. 2018ರಲ್ಲಿ ಬ್ಯೂನಸ್ ಐರಿಸ್‌ನ ನಾಯಕರ ಹೇಳಿಕೆಯಲ್ಲೂ ಅದು ಇರಲಿಲ್ಲ. ಹವಾಮಾನದ ವಿಷಯದಲ್ಲಿ ಇನ್ನೊಂದು ತಂತ್ರ ಹೂಡಿದರು. 2017ರ ಹ್ಯಾಂಬರ್ಗ್ ಹೇಳಿಕೆಯಲ್ಲಿ ಅಮೆರಿಕದ ನಿಲುವು ಒಂದು ಪರಿಚ್ಛೇದ, ಉಳಿದ 19 ಸದಸ್ಯರ ನಿಲುವು ಇನ್ನೊಂದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಲೆಕ್ಕಪತ್ರ

ತೆರಿಗೆಯಲ್ಲಿ ಕೋಲೇ ಮುರಿಯಿತು. ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಎಂದು 2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದ್ದವು. ಅದು ರಾಜಕೀಯ ಹೇಳಿಕೆ, ಸಹಿ ಮಾಡಿದ ಒಪ್ಪಂದವಲ್ಲ. ಟ್ರಂಪ್ ಎರಡನೆಯ ಬಾರಿ ಅಧಿಕಾರಕ್ಕೆ ಬಂದ ದಿನವೇ ಅಮೆರಿಕದಲ್ಲಿ ಅದಕ್ಕೆ ಬಲವಿಲ್ಲ ಎಂದು ಆದೇಶ ಹೊರಡಿಸಿದರು. ಜೊತೆಗೆ, ಅಮೆರಿಕದ ಕಂಪನಿಗಳ ಮೇಲೆ ಅನ್ಯಾಯದ ತೆರಿಗೆ ಹಾಕುವ ದೇಶಗಳ ಹೂಡಿಕೆದಾರರಿಗೆ ಹೆಚ್ಚುವರಿ ತೆರಿಗೆ ಎಂಬ ಮಸೂದೆಯ ಬೆದರಿಕೆ. 2025ರ ಜೂನ್ 28ರಂದು ಜಿ7 ದೇಶಗಳು, ಅಮೆರಿಕ ಮೂಲದ ಕಂಪನಿ ಸಮೂಹಗಳಿಗೆ ಆ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಡುವ ತಿಳಿವಳಿಕೆಗೆ ಬಂದವು. ಮಸೂದೆಯಿಂದ ಆ ಅಂಶ ಹೊರಬಿತ್ತು.

130 ದೇಶಗಳ ತೀರ್ಮಾನವನ್ನು ಏಳು ದೇಶಗಳು ಬದಲಾಯಿಸಿದವು, ಇನ್ನೊಂದು ಹೇಳಿಕೆಯ ಮೂಲಕ. ನೇರನುಡಿಯವರೇ, ಜನರನ್ನು ಕೇಳಲಿಲ್ಲ ಎಂಬ ನಿಮ್ಮ ದೂರು ಈಗ ಯಾರ ಮೇಲೆ?

ನೇರನುಡಿ

ಏಳರ ಮೇಲೂ. ನಾನು ಟ್ರಂಪ್ ಅವರ ವಕೀಲನಲ್ಲ. ತೆರಿಗೆ ಹಾಕುವ ಅಧಿಕಾರ ಸಂಸತ್ತುಗಳದ್ದು, ಆರಂಭದಲ್ಲೇ ಅದನ್ನು ಸಹಿಯಿರುವ ಒಪ್ಪಂದವಾಗಿ ಮಾಡಿ ಪ್ರತಿ ಸಂಸತ್ತಿನ ಮುಂದಿಡಬೇಕಿತ್ತು.

ದಕ್ಷಿಣಾಯನ

ಇಟ್ಟಿದ್ದರೆ ಅಮೆರಿಕದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕಾಗುತ್ತಿತ್ತು, ಸಿಗುತ್ತಿರಲಿಲ್ಲ. ಅದಕ್ಕೇ ಹೇಳಿಕೆಯ ದಾರಿ ಹಿಡಿದದ್ದು. ಸಹಿಯಿರುವ ಒಪ್ಪಂದ ಹುಟ್ಟುವುದಿಲ್ಲ, ಸಹಿಯಿಲ್ಲದ್ದು ಬಾಳುವುದಿಲ್ಲ.

ನನಗೆ ಆಸಕ್ತಿ ಇರುವುದು ಒಬ್ಬರು ಹೊರಗಿದ್ದಾಗ ಉಳಿದವರು ಏನು ಮಾಡುತ್ತಾರೆ ಎಂಬುದರಲ್ಲಿ. ಮೇಲ್ಮನವಿ ಪೀಠ ನಿಂತ ಮೇಲೆ ಐರೋಪ್ಯ ಒಕ್ಕೂಟ, ಚೀನಾ, ಕೆನಡಾ, ಬ್ರೆಜಿಲ್ ಮೊದಲಾದವು 2020ರಲ್ಲಿ ತಮ್ಮೊಳಗೇ ಮಧ್ಯಂತರ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡವು. ಜಪಾನ್, ಬ್ರಿಟನ್ ಆಮೇಲೆ ಸೇರಿದವು. ಭಾರತ ಸೇರಿಲ್ಲ. 2025ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಜಿ20 ಸಭೆಯನ್ನು ಅಮೆರಿಕ ಬಹಿಷ್ಕರಿಸಿತು. ತಾನಿಲ್ಲದೆ ಹೇಳಿಕೆ ಹೊರಡಿಸಬೇಡಿ ಎಂದೂ ಒತ್ತಾಯಿಸಿತ್ತು. ದಕ್ಷಿಣ ಆಫ್ರಿಕಾ ಸಭೆಯ ಕೊನೆಗೆ ಕಾಯದೆ ಆರಂಭದಲ್ಲೇ ಘೋಷಣೆಯನ್ನು ಅಂಗೀಕರಿಸಿತು. ಅರ್ಜೆಂಟೀನಾ ಮಾತ್ರ ಜೊತೆಗೂಡಲಿಲ್ಲ. ಗೈರುಹಾಜರಾದವರಿಗೆ ವೀಟೊ ಇಲ್ಲ ಎಂಬ ಹೊಸ ಪದ್ಧತಿ ಅಲ್ಲಿ ಹುಟ್ಟಿತು, ಅದೂ ಅಲಿಖಿತವಾಗಿಯೇ.

ಮೊದಲ ಬೆಂಚು

ಆದರೆ ಮುಂದಿನ ಅಧ್ಯಕ್ಷತೆ ಅಮೆರಿಕದ್ದೇ ಅಲ್ಲವೇ? 2026ರ ಸಭೆಗೆ ದಕ್ಷಿಣ ಆಫ್ರಿಕಾವನ್ನು ಕರೆಯುವುದಿಲ್ಲ ಎಂದು ಟ್ರಂಪ್ ಹೇಳಿದ್ದನ್ನು ಓದಿದೆ. ಸ್ಥಾಪಕ ಸದಸ್ಯ ದೇಶವನ್ನು ಹಾಗೆ ಹೊರಗಿಡಲು ಅವಕಾಶ ಇದೆಯೇ? ಯಾವ ನಿಯಮದ ಪ್ರಕಾರ?

ಅಡಿಟಿಪ್ಪಣಿ

ನಿಯಮ ಇದ್ದರೆ ತಾನೇ. ಜಿ20ಗೆ ಸನ್ನದು ಇಲ್ಲ, ಸದಸ್ಯತ್ವ ರದ್ದು ಮಾಡುವ ವಿಧಾನ ಇಲ್ಲ, ದೂರು ಕೊಡಲು ಪೀಠವೂ ಇಲ್ಲ. ಆಹ್ವಾನ ಪತ್ರ ಕಳಿಸುವುದು, ವೀಸಾ ಕೊಡುವುದು ಆತಿಥೇಯರ ಕೈಯಲ್ಲಿ. 2014ರಲ್ಲಿ ಉಕ್ರೇನ್‌ನ ಕ್ರಿಮಿಯಾವನ್ನು ವಶಪಡಿಸಿಕೊಂಡ ರಷ್ಯಾವನ್ನು ಜಿ8ರಿಂದ (ರಷ್ಯಾ ಸೇರಿದ್ದ ಜಿ7) ದೂರ ಇಟ್ಟಾಗ ಉಳಿದ ಏಳೂ ದೇಶಗಳು ಕೂಡಿ ತೀರ್ಮಾನಿಸಿದ್ದವು. ಒಂದೇ ದೇಶ ಇನ್ನೊಂದನ್ನು ಹೊರಗಿಟ್ಟರೆ ಉಳಿದ ಹದಿನೇಳು ದೇಶಗಳು, ಐರೋಪ್ಯ ಒಕ್ಕೂಟ ಮತ್ತು 2023ರಲ್ಲಿ ದೆಹಲಿಯಲ್ಲಿ ಸೇರಿದ ಆಫ್ರಿಕನ್ ಒಕ್ಕೂಟ ಏನು ಮಾಡಬಹುದು? ಸಭೆಗೆ ಹೋಗದೆ ಇರಬಹುದು, ಅಥವಾ ಹೋಗಿ ಖಾಲಿ ಕುರ್ಚಿಯ ಬಗ್ಗೆ ಮಾತಾಡಬಹುದು. ಎರಡಕ್ಕೂ ಅಮೆರಿಕದ ಸುಂಕದ ಬೆಲೆ ಇದೆ, ಆ ಬೆಲೆ ತೆರಲು ಯಾರು ಸಿದ್ಧರಿದ್ದಾರೆ ಎಂಬುದು ಶೆರ್ಪಾಗಳ ಸಭೆಯಲ್ಲೇ ಗೊತ್ತಾಗುತ್ತದೆ.